ಮಳೆ ರಜೆಯ ದಿನ ಲೈವ್ ಕ್ಲಾಸ್ ಬೇಡ: ಉತ್ತರ ಕನ್ನಡದ ಕಾಲೇಜಿಗೆ ಒಗ್ಗುವ ಬ್ಲೆಂಡೆಡ್ ಕಲಿಕೆ, ಆನ್‌ಲೈನ್ ಪರೀಕ್ಷೆ

ಜುಲೈ ತಿಂಗಳು. ಭಾರೀ ಮಳೆಯೆಂದು ಕಾಲೇಜಿಗೂ ರಜೆ ಕೊಟ್ಟ ಆದೇಶ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಅದರ ಹಿಂದೆಯೇ ಇನ್ನೊಂದು ಮೆಸೇಜು: ಹನ್ನೊಂದು ಗಂಟೆಗೆ ಆನ್‌ಲೈನ್ ಕ್ಲಾಸ್, ಲಿಂಕ್ ಕೆಳಗಿದೆ. ಪಾಠ ತಪ್ಪಬಾರದೆಂಬ ಕಾಳಜಿ ಒಳ್ಳೆಯದೇ. ಆದರೆ ಲೈವ್ ಕ್ಲಾಸಿಗೆ ವರ್ಷದಲ್ಲೇ ಅತಿ ಕೆಟ್ಟ ದಿನ ಯಾವುದು ಎಂದು ಹುಡುಕಿದರೆ ಸಿಗುವುದು ಇದೇ ದಿನ.

ಕಾರಣ ಸರಳ. ಗಾಳಿಗೆ ಮರ ಬಿದ್ದು ಲೈನು ಹರಿಯುತ್ತದೆ. ಕರೆಂಟು ಹೋದ ಕೂಡಲೇ ಮೊಬೈಲ್ ಟವರ್ ಸಾಯುವುದಿಲ್ಲ. ಕೆಲವು ಗಂಟೆ ಬ್ಯಾಟರಿ ಮೇಲೆ, ಆಮೇಲೆ ಡೀಸೆಲ್ ಇದ್ದರೆ ಜನರೇಟರ್ ಮೇಲೆ ನಡೆಯುತ್ತದೆ. ಅದೂ ಮುಗಿದರೆ ಆ ಊರಿನ ಫೋನುಗಳೆಲ್ಲ ದೂರದ ಇನ್ನೊಂದು ಟವರಿಗೆ ಜೋತು ಬೀಳುತ್ತವೆ, ಅಲ್ಲೂ ವೇಗ ಕುಸಿಯುತ್ತದೆ. ಇನ್ನು ರಸ್ತೆ ಬದಿಯಲ್ಲಿ ಹೂತ ಫೈಬರ್ ಕೇಬಲ್ ಮಣ್ಣು ಕುಸಿದರೆ ರಸ್ತೆಯ ಜೊತೆಗೇ ಹೋಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದಾದಾಗ ಕಂಡಂತೆ, ನಮ್ಮಲ್ಲಿ ಬದಲಿ ದಾರಿ ಎಂಬುದು ರಸ್ತೆಗೇ ಕಡಿಮೆ. ಒಟ್ಟಿನಲ್ಲಿ ಬಸ್ಸು ನಿಲ್ಲಿಸಿದ ಮಳೆಯೇ ಸಿಗ್ನಲ್ಲನ್ನೂ ನಿಲ್ಲಿಸುತ್ತದೆ.

ಹಾಗಾಗಿ ಈ ಜಿಲ್ಲೆಯಲ್ಲಿ ಬ್ಲೆಂಡೆಡ್ ಕಲಿಕೆಯ ಯೋಜನೆ ಮಾಡುವವರು ಮೊದಲು ಒಪ್ಪಿಕೊಳ್ಳಬೇಕಾದ ಮಾತು ಒಂದೇ: ನೆಟ್‌ವರ್ಕ್ ಹೋಗೇ ಹೋಗುತ್ತದೆ. ಅಂಕ ಅದರ ಜೊತೆ ಹೋಗಬಾರದು.

ಬ್ಲೆಂಡೆಡ್ ಅಂದರೆ ಏನು, ಏನಲ್ಲ

ಅರ್ಧ ಜನ ಕ್ಲಾಸಿನಲ್ಲಿ, ಅರ್ಧ ಜನ ಮನೆಯಲ್ಲಿ ಕೂತು ಒಂದೇ ಪಾಠ ಕೇಳುವುದು ಹೈಬ್ರಿಡ್. ಅದಕ್ಕೆ ಒಳ್ಳೆಯ ಮೈಕು, ಕ್ಯಾಮೆರಾ, ಗಟ್ಟಿ ಇಂಟರ್ನೆಟ್ ಮೂರೂ ಬೇಕು. ಕೊನೆಗೆ ಶಿಕ್ಷಕರು ಎರಡು ದೋಣಿಯಲ್ಲಿ ಕಾಲಿಟ್ಟ ಹಾಗಾಗಿ ಎರಡೂ ಕಡೆಯವರಿಗೆ ಅರ್ಧಂಬರ್ಧ ಪಾಠವಾಗುತ್ತದೆ. ಬ್ಲೆಂಡೆಡ್ ಬೇರೆ. ಅಲ್ಲಿ ಎಲ್ಲ ವಿದ್ಯಾರ್ಥಿಗಳೂ ಕೋರ್ಸಿನ ಒಂದು ಭಾಗವನ್ನು ಮುಖಾಮುಖಿ, ಇನ್ನೊಂದು ಭಾಗವನ್ನು ಆನ್‌ಲೈನಿನಲ್ಲಿ ಮಾಡುತ್ತಾರೆ. ಆ ಆನ್‌ಲೈನ್ ಭಾಗದಲ್ಲೂ ಎರಡು ಬಗೆ: ಎಲ್ಲರೂ ಒಂದೇ ಹೊತ್ತಿಗೆ ಕೂಡುವ ಲೈವ್, ಅವರವರ ಅನುಕೂಲಕ್ಕೆ ಬಿಟ್ಟ ಬಿಡುಹೊತ್ತಿನ ಕಲಿಕೆ. ನಮಗೆ ಬೇಕಾದ್ದು ಬಹುಪಾಲು ಎರಡನೆಯದು.

ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2021ರ ಮೇ ತಿಂಗಳಲ್ಲಿ ಹೊರತಂದ ಬ್ಲೆಂಡೆಡ್ ಕಲಿಕೆಯ ಕರಡು ಟಿಪ್ಪಣಿಯಲ್ಲಿ ಒಂದು ಕೋರ್ಸಿನ ಶೇ. 40ರವರೆಗೆ ಆನ್‌ಲೈನ್ ಆಗಬಹುದು ಎಂಬ ಲೆಕ್ಕವಿತ್ತು. ಆ 40 ಗರಿಷ್ಠ ಮಿತಿಯೇ ಹೊರತು ಗುರಿಯಲ್ಲ. ನಾಲ್ಕು ಕ್ರೆಡಿಟ್‌ನ ಥಿಯರಿ ಕೋರ್ಸ್ ಹಿಡಿಯಿರಿ: ಕ್ರೆಡಿಟ್‌ಗೆ 15 ತಾಸಿನಂತೆ ಒಟ್ಟು 60 ತಾಸು, ಅದರ ಶೇ. 40 ಅಂದರೆ 24 ತಾಸು. ಈ 24ನ್ನೂ ವೇಳಾಪಟ್ಟಿಯಲ್ಲಿ ತುಂಬಿಸಿಬಿಟ್ಟರೆ ಮಳೆಗಾಲಕ್ಕೆ ಕೈಯಲ್ಲಿ ಏನೂ ಉಳಿಯುವುದಿಲ್ಲ. 15 ವಾರಕ್ಕೆ ವಾರಕ್ಕೊಂದು ತಾಸಿನಂತೆ 15 ತಾಸು ನಿಗದಿ ಮಾಡಿ, ಉಳಿದ 9 ತಾಸನ್ನು ರಜೆ ಬಂದ ವಾರಗಳಿಗೆ ಮೀಸಲಿಡುವುದು ಜಾಣತನ. ಆ ಒಂಬತ್ತು ತಾಸಿನ ಸಾಮಗ್ರಿ ಸೆಮಿಸ್ಟರ್ ಶುರುವಾಗುವ ಮೊದಲೇ ತಯಾರಿರಬೇಕು, ವಿದ್ಯಾರ್ಥಿಗಳ ಫೋನಿಗೆ ಕಾಲೇಜಿನ ವೈಫೈಯಲ್ಲೇ ಇಳಿದಿರಬೇಕು. ರಜೆ ಘೋಷಣೆಯಾದ ಮೇಲೆ ಹುಡುಕಾಡಿದರೆ ಆಗದು. ಮಳೆಗಾಲಕ್ಕೆ ಸೌದೆ ಮೇ ತಿಂಗಳಲ್ಲೇ ಒಟ್ಟಿಡುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಾಮಗ್ರಿಯ ಗಾತ್ರವನ್ನೂ ಒಮ್ಮೆ ಲೆಕ್ಕ ಹಾಕಿ. ಸೆಕೆಂಡಿಗೆ ಒಂದು ಮೆಗಾಬಿಟ್ ವೇಗದ ವೀಡಿಯೊ 15 ನಿಮಿಷಕ್ಕೆ ಸುಮಾರು 112 ಎಂಬಿ. ಅದೇ ಪಾಠವನ್ನು 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಧ್ವನಿಯಾಗಿ ಉಳಿಸಿದರೆ 7 ಎಂಬಿ ಚಿಲ್ಲರೆ. ಜೊತೆಗೊಂದು 2 ಎಂಬಿ ಸ್ಲೈಡ್ ಪಿಡಿಎಫ್ ಸೇರಿಸಿದರೂ ಹತ್ತು ದಾಟುವುದಿಲ್ಲ. ಶಿಕ್ಷಕರ ಮುಖ ಕಾಣದಿದ್ದರೆ ಪಾಠಕ್ಕೆ ನಷ್ಟವಿಲ್ಲ. ಲೆಕ್ಕ ಬಿಡಿಸುವ ಕೈ, ಕತ್ತರಿಸಿ ತೋರಿಸುವ ಮಾದರಿ, ಯಂತ್ರದ ಚಲನೆ ಇವುಗಳಿಗೆ ಮಾತ್ರ ವೀಡಿಯೊ ಇರಲಿ.

ಯಾವುದು ಆನ್‌ಲೈನಿಗೆ, ಯಾವುದು ಕ್ಲಾಸಿಗೆ ಎಂಬ ಪ್ರಶ್ನೆಗೆ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆ ಒಳ್ಳೆಯ ಉದಾಹರಣೆ. 2024ರ ಜನವರಿಯಲ್ಲಿ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸರ್ ಪಟ್ಟಿ ಸೇರಿದ ಜಾಗ ಅದು, ಕುಮಟಾದ ಬಿ.ಎಸ್ಸಿ. ವಿದ್ಯಾರ್ಥಿಗೂ ಕಾರವಾರದ ಸಾಗರ ಜೀವಶಾಸ್ತ್ರದ ವಿದ್ಯಾರ್ಥಿಗೂ ಕೈಗೆಟಕುವ ಪ್ರಯೋಗಾಲಯ. ಉಬ್ಬರ, ಇಳಿತ, ಉಪ್ಪಿನಂಶ ಇವುಗಳ ವಿವರಣೆ ಮನೆಯಲ್ಲಿ ಕೇಳಬಹುದು. ನೀರಿನ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಹಿಡಿಯುವುದನ್ನು ಕ್ಲಾಸಿನಲ್ಲೇ ಕಲಿಸಬೇಕು. ಅಳೆಯುವ ಕೆಲಸ ಮಾತ್ರ ವೇಳಾಪಟ್ಟಿಗೆ ಬಗ್ಗುವುದಿಲ್ಲ, ಏಕೆಂದರೆ ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಅದೂ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಬುಧವಾರ ಎರಡು ಗಂಟೆಯ ಪ್ರಾಕ್ಟಿಕಲ್‌ಗೆ ಸಮುದ್ರ ಕಾಯುವುದಿಲ್ಲ. ಹಾಗಾಗಿ ನಾಲ್ಕು ನಾಲ್ಕು ಜನರ ಗುಂಪು ಎರಡು ವಾರದೊಳಗೆ ಯಾವುದಾದರೂ ಒಂದು ಉಬ್ಬರ, ಒಂದು ಇಳಿತ ನೋಡಿ ಅಂಕಿ ಬರೆದು, ಸಿಗ್ನಲ್ ಸಿಕ್ಕಾಗ ಫಾರ್ಮ್ ತುಂಬಲಿ. ಅಂಕಿಗಳ ಚರ್ಚೆ ಮತ್ತೆ ಕ್ಲಾಸಿಗೇ ಬರಲಿ. ಗುಂಪುಗುಂಪಿನ ಅಂಕಿ ತಾಳೆಯಾಗದಿದ್ದಾಗ ಹುಟ್ಟುವ ವಾದವೇ ಅಲ್ಲಿನ ನಿಜವಾದ ಪಾಠ. ಒಂದು ಸಣ್ಣ ಎಚ್ಚರಿಕೆ: ಪುರಾವೆಯ ಫೋಟೊವನ್ನು ವಾಟ್ಸಾಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳಿಸಿದರೆ ಅದರೊಳಗಿನ ದಿನಾಂಕ, ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಕ್ವಿಜ್ ಕಟ್ಟುವ ಕೆಲಸ

ಆನ್‌ಲೈನ್ ಪರೀಕ್ಷೆಯನ್ನು ಎರಡು ಉದ್ದೇಶಕ್ಕೆ ಬಳಸುತ್ತಾರೆ. ಕಲಿಯುತ್ತಿರುವಾಗ ಎಲ್ಲಿ ಎಡವಿದ್ದೇನೆ ಎಂದು ತೋರಿಸುವ ರೂಪಣಾತ್ಮಕ ಪರೀಕ್ಷೆ ಒಂದು. ಕೊನೆಗೆ ಅಂಕ ಕೊಟ್ಟು ತೀರ್ಮಾನಿಸುವ ಸಂಕಲನಾತ್ಮಕ ಪರೀಕ್ಷೆ ಇನ್ನೊಂದು. ಆನ್‌ಲೈನಿನ ನಿಜವಾದ ಶಕ್ತಿ ಮೊದಲನೆಯದರಲ್ಲಿದೆ. ಆಡಳಿತದವರ ಉತ್ಸಾಹ ಮಾತ್ರ ಯಾವಾಗಲೂ ಎರಡನೆಯದರ ಕಡೆ! ವಾರಕ್ಕೊಂದು ಹತ್ತು ಪ್ರಶ್ನೆಯ ಕ್ವಿಜ್, ಎರಡು ಅವಕಾಶ, ತಪ್ಪಿದ ಪ್ರಶ್ನೆಗೆ ಎರಡು ಸಾಲಿನ ವಿವರಣೆ, ಇಡೀ ಸೆಮಿಸ್ಟರಿಗೆ ಸೇರಿ ಐದೇ ಅಂಕ. ಇಷ್ಟು ಮಾಡಿದರೆ ನಕಲು ಮಾಡುವ ಆಸೆಯೂ ಕಡಿಮೆ, ನೆಟ್‌ವರ್ಕ್ ಹೋದರೂ ಯಾರ ಭವಿಷ್ಯವೂ ಮುಳುಗುವುದಿಲ್ಲ.

ಸಾಧನ ಯಾವುದು? ಗೂಗಲ್ ಫಾರ್ಮ್ಸ್ ಎಲ್ಲರಿಗೂ ಗೊತ್ತು, ಆದರೆ ಕಾಲಮಿತಿ ಹಾಕುವ ಸೌಲಭ್ಯ ಅದರಲ್ಲಿ ತಾನಾಗಿ ಇಲ್ಲ, ದೊಡ್ಡ ಪ್ರಶ್ನೆಸಂಗ್ರಹದಿಂದ ಒಬ್ಬೊಬ್ಬರಿಗೆ ಬೇರೆ ಬೇರೆ ಪ್ರಶ್ನೆ ಆರಿಸಿಕೊಡುವುದೂ ಇಲ್ಲ. ಅಂಕಕ್ಕೆ ಸೇರುವ ಪರೀಕ್ಷೆಗೆ ಮೂಡಲ್ ಮೇಲು. ಪಾಠ, ಪರೀಕ್ಷೆ ಎರಡನ್ನೂ ಆನ್‌ಲೈನಿನಲ್ಲಿ ನಡೆಸುವ ಮುಕ್ತ ತಂತ್ರಾಂಶ ಅದು, ಮೊದಲ ಆವೃತ್ತಿ ಬಂದದ್ದು 2002ರಲ್ಲಿ. ಅದರ ಕ್ವಿಜ್ ಸೆಟ್ಟಿಂಗ್ ಪುಟ ಉದ್ದವಿದೆ ಎಂದು ಹೆದರಿ ಎಲ್ಲವನ್ನೂ ಇದ್ದ ಹಾಗೇ ಬಿಡುವವರೇ ಹೆಚ್ಚು. ಅಲ್ಲೇ ಎಡವಟ್ಟಾಗುವುದು.

ಮೊದಲನೆಯದು ಕಾಲ. ಪರೀಕ್ಷೆಯ ಅವಧಿ ಬೇರೆ, ಕ್ವಿಜ್ ತೆರೆದಿರುವ ಸಮಯ ಬೇರೆ. ಅವಧಿ 30 ನಿಮಿಷ ಇರಲಿ, ಬಾಗಿಲು ಶುಕ್ರವಾರ ಬೆಳಿಗ್ಗೆಯಿಂದ ಶನಿವಾರ ರಾತ್ರಿಯವರೆಗೆ ತೆರೆದಿರಲಿ. ಸಿದ್ದಾಪುರದ ಒಳಗಿನ ಹಳ್ಳಿಯವರು ಶನಿವಾರ ಮಧ್ಯಾಹ್ನ ಪೇಟೆಗೆ ಬಂದಾಗ ಬರೆಯುತ್ತಾರೆ. ಸಂಜೆ ಐದಕ್ಕೆ ಶುರು, ಐದೂವರೆಗೆ ಬಂದ್ ಎಂದರೆ ಆ ಹೊತ್ತಿಗೆ ಅರ್ಧ ಜನ ಬಸ್ಸಿನಲ್ಲಿರುತ್ತಾರೆ. ಎರಡನೆಯದು ಗಡಿಯಾರ. ವಿದ್ಯಾರ್ಥಿ ಶುರು ಮಾಡಿದ ಕ್ಷಣದಿಂದ ಸಮಯ ಸರ್ವರ್‌ನಲ್ಲಿ ಓಡುತ್ತದೆ, ಫೋನಿನಲ್ಲಲ್ಲ. ಸಂಪರ್ಕ ಕಡಿದರೂ ಅದು ನಿಲ್ಲದು. ಬರೆದ ಉತ್ತರವನ್ನು ಮೂಡಲ್ ನಿಮಿಷಕ್ಕೊಮ್ಮೆ ತಾನಾಗಿ ಉಳಿಸಿಕೊಳ್ಳುವುದರಿಂದ ಮತ್ತೆ ಲಾಗಿನ್ ಆದರೆ ಬಹುಪಾಲು ಉತ್ತರ ಅಲ್ಲೇ ಇರುತ್ತದೆ. ಇದನ್ನು ವಿದ್ಯಾರ್ಥಿಗಳಿಗೆ ಮೊದಲೇ ಹೇಳದಿದ್ದರೆ ಗಾಬರಿಯಾಗಿ ಬೇರೆ ಫೋನು, ಬೇರೆ ಐಡಿ ಎಂದು ಗೋಜಲು ಮಾಡಿಕೊಳ್ಳುತ್ತಾರೆ. ಸಮಯ ಮುಗಿದಾಗ ತಾನಾಗಿ ಸಲ್ಲಿಕೆಯಾಗಲಿ ಎಂಬ ಆಯ್ಕೆಯನ್ನೇ ಇಡಿ.

ಪುಟಕ್ಕೊಂದೇ ಪ್ರಶ್ನೆ ಇಡಬೇಡಿ. 20 ಪ್ರಶ್ನೆಗೆ 20 ಪುಟವಾದರೆ 20 ಸಲ ಸರ್ವರ್‌ಗೆ ಹೋಗಿಬರಬೇಕು. ನಿಧಾನದ ಜಾಲದಲ್ಲಿ ಅದರಲ್ಲೇ ನಿಮಿಷಗಳು ಕರಗುತ್ತವೆ. ಪುಟಕ್ಕೆ ಐದು ಸಾಕು. ಮೂಡಲ್ ಆ್ಯಪ್‌ನಲ್ಲಿ ಕ್ವಿಜ್ ಇಳಿಸಿಕೊಂಡು ಆಫ್‌ಲೈನ್ ಬರೆಯುವ ಸೌಲಭ್ಯವೂ ಇದೆ, ಕಾಡಿನ ನಡುವಿನ ಜೋಯಿಡಾದಂಥ ಕಡೆಗೆ ವರದಾನ. ಆದರೆ ಒಂದು ಷರತ್ತು: ಕಾಲಮಿತಿ ಹಾಕಿದ ಕ್ವಿಜ್ ಆಫ್‌ಲೈನ್ ಆಗುವುದಿಲ್ಲ, ಪ್ರತಿ ಪ್ರಶ್ನೆಗೂ ಕೂಡಲೇ ಸರಿ-ತಪ್ಪು ತೋರಿಸುವ ಬಗೆಯದ್ದೂ ಆಗುವುದಿಲ್ಲ. ಆಫ್‌ಲೈನ್ ಬೇಕಿದ್ದರೆ ಕಾಲಮಿತಿ ಬಿಡಬೇಕು. ಕಲಿಕೆಯ ಕ್ವಿಜ್‌ಗೆ ಬಿಟ್ಟರೆ ನಷ್ಟವೇನೂ ಇಲ್ಲ.

ಅಂಗವಿಕಲ ವಿದ್ಯಾರ್ಥಿಗಳಿಗೆ ತಾಸಿಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಎಂಬ ನಿಯಮ ಆನ್‌ಲೈನಿಗೂ ಸಲ್ಲಬೇಕು. ಒಬ್ಬರಿಗಷ್ಟೇ 60ರ ಬದಲು 80 ನಿಮಿಷ ಕೊಡುವ ಆಯ್ಕೆ ಮೂಡಲ್‌ನಲ್ಲಿದೆ. ಪರೀಕ್ಷೆಯ ಹಿಂದಿನ ದಿನವೇ ಹಾಕಿಡಿ.

ಈಗ ಊಹೆಯ ಲೆಕ್ಕ. ನಾಲ್ಕು ಆಯ್ಕೆಯ ಹತ್ತು ಪ್ರಶ್ನೆಗೆ ಕಣ್ಣು ಮುಚ್ಚಿ ಒತ್ತಿದರೂ ನಾಲ್ಕು ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ ಶೇ. 22. ಪ್ರಶ್ನೆ 20ಕ್ಕೇರಿ ಎಂಟು ಸರಿಯಾಗಬೇಕೆಂದರೆ ಅದು ಶೇ. 10ಕ್ಕೆ ಇಳಿಯುತ್ತದೆ. ಅಂದರೆ ಹತ್ತೇ ಪ್ರಶ್ನೆಯ ಪರೀಕ್ಷೆಯಲ್ಲಿ ಶೇ. 40 ಪಾಸು ಎಂದಿಟ್ಟರೆ ಏನೂ ಓದದ ಐದು ಜನರಲ್ಲಿ ಒಬ್ಬರು ದಾಟಿಬಿಡುತ್ತಾರೆ. ನಕಲಿನ ಲೆಕ್ಕವೂ ಹೀಗೇ. ಸಂಗ್ರಹದಲ್ಲಿ 60 ಪ್ರಶ್ನೆ ಇದ್ದು ಒಬ್ಬೊಬ್ಬರಿಗೆ 20 ಬಂದರೆ, ಇಬ್ಬರ ನಡುವೆ ಸಮಾನವಾಗಿರುವ ಪ್ರಶ್ನೆ ಸರಾಸರಿ ಏಳಕ್ಕಿಂತ ಕಡಿಮೆ. ಸಂಗ್ರಹ 100 ಆದರೆ ನಾಲ್ಕು. ಆದರೆ ಯದ್ವಾತದ್ವಾ ಆರಿಸಿದರೆ ಒಬ್ಬರಿಗೆ ಸುಲಭದವು, ಇನ್ನೊಬ್ಬರಿಗೆ ಕಷ್ಟದವು ಬೀಳುತ್ತವೆ. ಅದಕ್ಕೆ ಘಟಕವಾರು, ಮತ್ತೆ ಸುಲಭ-ಮಧ್ಯಮ-ಕಠಿಣ ಎಂದು ಗೂಡು ಮಾಡಿಟ್ಟು ಪ್ರತಿ ಗೂಡಿನಿಂದ ಇಂತಿಷ್ಟು ಎಂದು ತೆಗೆಯಬೇಕು. ಶಿರಸಿಯ ಅಡಿಕೆ ಮಾರುಕಟ್ಟೆಯಲ್ಲಿ ರಾಶಿ, ಚಾಲಿ, ಬೆಟ್ಟೆ ಬೇರೆ ಬೇರೆ ಮಾಡಿ ಟೆಂಡರಿಗಿಡುತ್ತಾರಲ್ಲ, ಹಾಗೆ.

ವಾಣಿಜ್ಯ, ಸಂಖ್ಯಾಶಾಸ್ತ್ರದವರಿಗೆ ಇದಕ್ಕಿಂತಲೂ ಒಳ್ಳೆಯ ದಾರಿಯಿದೆ. ಕ್ಯಾಲ್ಕ್ಯುಲೇಟೆಡ್ ಎಂಬ ಬಗೆಯ ಪ್ರಶ್ನೆಯಲ್ಲಿ ವಾಕ್ಯ ಒಂದೇ, ಅಂಕಿ ಮಾತ್ರ ಒಬ್ಬೊಬ್ಬರಿಗೆ ಬೇರೆ. ಐದು ದಿನದ ಚಾಲಿ ದರ ಕೊಟ್ಟು ಪ್ರಮಾಣಿತ ವಿಚಲನೆ ಕೇಳಿದರೆ ಪಕ್ಕದವರ ಉತ್ತರ ಉಪಯೋಗಕ್ಕೆ ಬಾರದು. ಮಾಡುವ ವಿಧಾನ ಕೇಳಿ ತಿಳಿದುಕೊಂಡರೆ, ಕಲಿತ ಹಾಗೇ ಆಯಿತು.

ಕನ್ನಡದಲ್ಲಿ ಪ್ರಶ್ನೆ, ಯಂತ್ರದ ಮೌಲ್ಯಮಾಪನ

ಈ ಭಾಗವನ್ನು ಇಂಗ್ಲಿಷ್ ಕೈಪಿಡಿಗಳು ಹೇಳುವುದಿಲ್ಲ, ಆದರೆ ಕನ್ನಡ ಮಾಧ್ಯಮದಲ್ಲಿ ಬರೆಯುವವರ ಅಂಕ ಹೋಗುವುದು ಇಲ್ಲೇ.

ಹಳೆಯ ಪ್ರಶ್ನೆಪತ್ರಿಕೆಗಳು ಬಹಳಷ್ಟು ನುಡಿ ತಂತ್ರಾಂಶದ ಹಳೆಯ ಬಗೆಯ ಆಸ್ಕಿ ಫಾಂಟ್‌ನಲ್ಲಿವೆ. ಅದರಿಂದ ನಕಲಿಸಿ ಬ್ರೌಸರ್‌ಗೆ ಅಂಟಿಸಿದರೆ ಕನ್ನಡದ ಬದಲು ರೋಮನ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಮೊದಲು ಈಗಿನ ಫೋನು, ಬ್ರೌಸರ್ ಎಲ್ಲವೂ ಓದುವ ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಮನುಷ್ಯರ ಕಣ್ಣಲ್ಲಿ ಓದಿಸಿ. ಪರಿವರ್ತಕ ಬಿಟ್ಟ ತಪ್ಪು ಹೆಚ್ಚಾಗಿ ಒತ್ತಕ್ಷರ, ಅರ್ಕಾವತ್ತಿನ ಹತ್ತಿರ ಇರುತ್ತದೆ.

ಒಂದು ಪದದ ಉತ್ತರ ಟೈಪ್ ಮಾಡಿಸುವ ಪ್ರಶ್ನೆ ಇನ್ನೂ ಅಪಾಯ. ಯಂತ್ರ ಅರ್ಥ ನೋಡುವುದಿಲ್ಲ, ಅಕ್ಷರದ ಸಂಕೇತ ನೋಡುತ್ತದೆ. ಅಂಕ ಎಂದು ಬರೆಯುವಾಗ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಒತ್ತಿದರೆ ಅದು ‘ಅ೦ಕ’ ಆಗುತ್ತದೆ. ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಒಂದೇ, ಯಂತ್ರಕ್ಕೆ ಬೇರೆಯೇ ಪದ, ಶೂನ್ಯ ಅಂಕ. ‘ಆನ್‌ಲೈನ್’ ಎಂಬುದರ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವಿದೆ. ಅದಿಲ್ಲದೆ ‘ಆನ್ಲೈನ್’ ಎಂದು ಬರೆದವರ ಉತ್ತರ ಹೊಂದುವುದಿಲ್ಲ. 12 ಮತ್ತು ೧೨ ಕೂಡ ಹೀಗೇ. ಉತ್ತರದ ಕೊನೆಯಲ್ಲಿ ಉಳಿದ ಪೂರ್ಣವಿರಾಮವೂ ಸಾಕು. ಪರಿಹಾರ ಎರಡು. ಸಾಧ್ಯವಾದಷ್ಟು ಆಯ್ಕೆಯ ಅಥವಾ ಹೊಂದಿಸಿ ಬರೆಯುವ ಪ್ರಶ್ನೆ ಇಡುವುದು. ಟೈಪ್ ಮಾಡಿಸಲೇಬೇಕಿದ್ದರೆ ಸರಿಯುತ್ತರದ ನಾಲ್ಕೈದು ರೂಪ ಕೊಟ್ಟು, ಪರೀಕ್ಷೆ ಮುಗಿದ ಮೇಲೆ ತಪ್ಪೆಂದು ಗುರುತಾದ ಉತ್ತರಗಳ ಪಟ್ಟಿಯನ್ನು ಒಮ್ಮೆ ಕಣ್ಣಾಡಿಸುವುದು. ಹತ್ತು ನಿಮಿಷದ ಕೆಲಸ.

ಕೈಬರಹದ ಉತ್ತರವನ್ನು ಫೋಟೊ ತೆಗೆದು ಏರಿಸುವ (ಅಪ್‌ಲೋಡ್ ಮಾಡುವ) ಪದ್ಧತಿಯಲ್ಲಿ ಸಮಸ್ಯೆ ಬೇರೆ. ಫೋನಿನ ಕ್ಯಾಮೆರಾ ಒಂದು ಪುಟಕ್ಕೆ 4 ಎಂಬಿ ತೆಗೆದರೆ ಎಂಟು ಪುಟಕ್ಕೆ 32 ಎಂಬಿ. ಏರಿಕೆಯ ವೇಗ 256 ಕೆಬಿಪಿಎಸ್ ಇದ್ದಲ್ಲಿ ಅದಕ್ಕೆ ಹದಿನೇಳು ನಿಮಿಷ ಹತ್ತಿರ ಬೇಕು, ಅದೂ ನಡುವೆ ಕಡಿಯದಿದ್ದರೆ. ಅದೇ ಪುಟಗಳನ್ನು ಸ್ಕ್ಯಾನ್ ಆ್ಯಪ್‌ನಲ್ಲಿ ಕಪ್ಪು-ಬಿಳುಪಾಗಿ ಪುಟಕ್ಕೆ 300 ಕೆಬಿಯಂತೆ ಒಂದೇ ಪಿಡಿಎಫ್ ಮಾಡಿದರೆ 75 ಸೆಕೆಂಡು. ಇಷ್ಟಕ್ಕೆ ಕಾಲೇಜಿನಲ್ಲಿ ಒಂದು ತಾಸಿನ ಅಭ್ಯಾಸ ಮಾಡಿಸಬೇಕು. ಬರೆಯುವ ಸಮಯ, ಏರಿಸುವ ಸಮಯ ಎರಡನ್ನೂ ಬೇರೆ ಬೇರೆ ನಮೂದಿಸಬೇಕು.

ಕ್ಯಾಮೆರಾ ಕಾವಲು

2020-21ರಲ್ಲಿ ನಮ್ಮ ಮಕ್ಕಳು ಗುಡ್ಡ ಹತ್ತಿ, ಪ್ಲಾಸ್ಟಿಕ್ ಹೊದಿಸಿದ ಗುಡಿಸಲಲ್ಲಿ ಕೂತು ಪಾಠ ಕೇಳಿದ್ದನ್ನು ನೆನೆದರೆ, ಮನೆಯಲ್ಲಿ ಕ್ಯಾಮೆರಾ ಕಾವಲಿನ ಪರೀಕ್ಷೆ ಎಂಬ ಕಲ್ಪನೆ ನಗು ತರಿಸುತ್ತದೆ. 300 ಕೆಬಿಪಿಎಸ್‌ನಂತೆ ಎರಡು ತಾಸು ವೀಡಿಯೊ ಕಳಿಸಲು 270 ಎಂಬಿ ಮೇಲೇರಬೇಕು. ಮುಖ ಆಚೀಚೆ ತಿರುಗಿದರೆ, ಹಿಂದೆ ಯಾರಾದರೂ ಹಾದುಹೋದರೆ ತಂತ್ರಾಂಶ ಅನುಮಾನದ ಗುರುತು ಹಾಕುತ್ತದೆ. ಒಂದೇ ಜಗಲಿಯಲ್ಲಿ ಆರು ಜನ ಓಡಾಡುವ ಮನೆಯ ಹುಡುಗಿಗೆ ಇದರಿಂದ ನ್ಯಾಯ ಸಿಗದು. ಮನೆಯೊಳಗಿನ ದೃಶ್ಯ, ಮುಖದ ಚಿತ್ರ ವೈಯಕ್ತಿಕ ಮಾಹಿತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೇಲೆ ಕಣ್ಣಿಟ್ಟೇ ಅದನ್ನು ಸಂಗ್ರಹಿಸಬೇಕು. ಹೆಚ್ಚಿನ ಅಂಕದ ಆನ್‌ಲೈನ್ ಪರೀಕ್ಷೆ ಕಾಲೇಜಿನ ಕಂಪ್ಯೂಟರ್ ಲ್ಯಾಬ್‌ನಲ್ಲೇ ನಡೆಯಲಿ. ಸರ್ವರ್ ಲ್ಯಾಬ್‌ನ ಒಳಜಾಲದಲ್ಲೇ ಇದ್ದರೆ ಹೊರಗಿನ ಇಂಟರ್ನೆಟ್ ಹೋದರೂ ಚಿಂತೆಯಿಲ್ಲ, ಯುಪಿಎಸ್ ಮತ್ತು ಜನರೇಟರ್ ಸಾಕು.

ಮನೆಗೆಲಸದ ಪ್ರಬಂಧಕ್ಕೆ ಈಗ ಚಾಟ್‌ಬಾಟ್ ಬಂದು ಕೂತಿದೆ. ಪತ್ತೆ ಹಚ್ಚುವ ತಂತ್ರಾಂಶಗಳನ್ನು ನಂಬಿ ಶಿಕ್ಷೆ ಕೊಡುವುದು ಸರಿಯಲ್ಲ. ಸ್ವಂತ ಬರೆದವರನ್ನೂ ಅವು ತಪ್ಪಾಗಿ ಹಿಡಿಯುತ್ತವೆ. ನಾಲ್ಕು ನಿಮಿಷದ ಮೌಖಿಕ ಪ್ರಶ್ನೆ ಇದಕ್ಕಿಂತ ಗಟ್ಟಿ. 60 ಜನರಿಗೂ ಕೇಳಿದರೆ ನಾಲ್ಕು ತಾಸು ಬೇಕು. ಅದರ ಬದಲು ಸೆಮಿಸ್ಟರಿನ ನಾಲ್ಕು ಅಸೈನ್‌ಮೆಂಟಿಗೆ ತಲಾ 15 ಜನರನ್ನು ಚೀಟಿ ಎತ್ತಿ ಕರೆಯಿರಿ: ಪ್ರತಿ ಸಲ ಒಂದೇ ತಾಸು, ಕೊನೆಗೆ ಎಲ್ಲರದೂ ಒಂದೊಂದು ಸಲ ಆಗಿರುತ್ತದೆ. ಯಾರ ಚೀಟಿ ಯಾವಾಗ ಬರುತ್ತದೆಂದು ಮೊದಲೇ ಗೊತ್ತಿಲ್ಲದ್ದರಿಂದ ತಮ್ಮ ಚೀಟಿ ಬರುವವರೆಗಾದರೂ ಎಚ್ಚರ ಇರುತ್ತದೆ.

ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ವೇದಿಕೆ ‘ಸ್ವಯಂ’ನ ಕೋರ್ಸಿನ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಪದೇ ಪದೇ ಕಾಣುತ್ತದೆ: ಪಾಠ ಆನ್‌ಲೈನ್, ಹಾಗಾಗಿ ಪರೀಕ್ಷೆಯೂ ಮನೆಯಲ್ಲೇ ಎಂದು. ಅಲ್ಲ. ಅದೇ ವೇದಿಕೆಯಲ್ಲಿ ಐಐಟಿಗಳ ಕಡೆಯಿಂದ ಬರುವ ಎನ್‌ಪಿಟಿಇಎಲ್ ಕೋರ್ಸುಗಳಲ್ಲಿ ಅಸೈನ್‌ಮೆಂಟಿಗೆ 25, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75 ಅಂಕ. ಪ್ರಮಾಣಪತ್ರಕ್ಕೆ 25ರಲ್ಲಿ 10, 75ರಲ್ಲಿ 30 ಎರಡೂ ಬೇಕು. 12 ವಾರದ ಕೋರ್ಸಿನಲ್ಲಿ ಅತ್ಯುತ್ತಮ 8 ಅಸೈನ್‌ಮೆಂಟು ಲೆಕ್ಕಕ್ಕೆ, ಹಾಗಾಗಿ ಮಳೆಯಲ್ಲಿ ಒಂದೆರಡು ತಪ್ಪಿದರೂ ಗಾಬರಿ ಬೇಡ. ಕೋರ್ಸಿಗೆ ಸೇರುವುದು ಬೇರೆ, ಪರೀಕ್ಷೆಗೆ ಶುಲ್ಕ ಕಟ್ಟಿ ನೋಂದಾಯಿಸುವುದು ಬೇರೆ. ಎರಡನೆಯ ದಿನಾಂಕ ಮರೆತವರ ಹನ್ನೆರಡು ವಾರ ನೀರಿನಲ್ಲಿ ಹೋಮ. ಗಳಿಸಿದ ಕ್ರೆಡಿಟ್ ಜಮೆಯಾಗುವ ಕ್ರೆಡಿಟ್ ಬ್ಯಾಂಕಿನ (ಎಬಿಸಿ) ಐಡಿಯಲ್ಲಿ, ಕಾಲೇಜಿನ ದಾಖಲೆಯಲ್ಲಿ ಹೆಸರಿನ ಕಾಗುಣಿತ ಒಂದೇ ಇದೆಯೇ ಎಂದೂ ನೋಡಿ. ನಾಯ್ಕ ಎಂಬುದು ಇಂಗ್ಲಿಷಿಗೆ ಹೋಗಿ ನಾಯಕ ಆಗುವ ಜಿಲ್ಲೆ ನಮ್ಮದು, ಹೆಗಡೆಗೂ ಎರಡು ಮೂರು ಬಗೆಯ ಇಂಗ್ಲಿಷ್ ಸ್ಪೆಲ್ಲಿಂಗ್.

ಪರೀಕ್ಷೆ ಮುಗಿದ ಮೇಲೆ

ಅಂಕ ಪ್ರಕಟಿಸುವ ಮೊದಲು ಪ್ರಶ್ನೆಗಳನ್ನೇ ಪರೀಕ್ಷಿಸಬೇಕು. 120 ಜನ ಬರೆದಿದ್ದರೆ ಒಟ್ಟು ಅಂಕದಲ್ಲಿ ಮೇಲಿನ ಶೇ. 27, ಕೆಳಗಿನ ಶೇ. 27, ಅಂದರೆ 32 ಮತ್ತು 32 ಜನರನ್ನು ತೆಗೆದುಕೊಳ್ಳಿ. ಒಂದು ಪ್ರಶ್ನೆಗೆ ಮೇಲಿನವರಲ್ಲಿ 28, ಕೆಳಗಿನವರಲ್ಲಿ 10 ಜನ ಸರಿ ಬರೆದಿದ್ದರೆ ವ್ಯತ್ಯಾಸ 18. ಅದನ್ನು 32ರಿಂದ ಭಾಗಿಸಿದರೆ 0.56. ಓದಿದವರನ್ನೂ ಓದದವರನ್ನೂ ಬೇರ್ಪಡಿಸುವ ಒಳ್ಳೆಯ ಪ್ರಶ್ನೆ. 0.2ಕ್ಕಿಂತ ಕೆಳಗಿದ್ದರೆ ಪ್ರಶ್ನೆ ಅಸ್ಪಷ್ಟ ಅಥವಾ ತೀರಾ ಸುಲಭ, ಇಲ್ಲವೇ ತೀರಾ ಕಠಿಣ. ಸೊನ್ನೆಗಿಂತ ಕೆಳಗಿಳಿದರೆ, ಅಂದರೆ ಚೆನ್ನಾಗಿ ಓದಿದವರೇ ಹೆಚ್ಚು ತಪ್ಪಿದ್ದರೆ, ಮೊದಲು ಉತ್ತರಸೂಚಿ ತೆರೆದು ನೋಡಿ. ಹೆಚ್ಚಿನ ಸಲ ತಪ್ಪು ಅಲ್ಲೇ ಇರುತ್ತದೆ. ಮೂಡಲ್ ಇಂಥದೇ ಲೆಕ್ಕವನ್ನು ತನ್ನ ಅಂಕಿಅಂಶ ವರದಿಯಲ್ಲಿ ತಾನೇ ಹಾಕಿಕೊಡುತ್ತದೆ, ಆದರೆ ಆ ಪುಟ ತೆರೆಯಬೇಕಷ್ಟೇ. ಸೂಚಿ ಸರಿಪಡಿಸಿ ಮರುಮೌಲ್ಯಮಾಪನದ ಬಟನ್ ಒತ್ತಿದರೆ 120 ಜನರ ಅಂಕವೂ ಒಟ್ಟಿಗೆ ತಿದ್ದುತ್ತದೆ. ಕಾಗದದ ಪರೀಕ್ಷೆಯಲ್ಲಿ ಇದು ಕನಸು.

ಕೊನೆಗೆ, ಸಂಪರ್ಕ ಕಡಿದವರಿಗೆ ಮರುಪರೀಕ್ಷೆಯ ನಿಯಮ. ಅದನ್ನು ಗಲಾಟೆ ಆದ ಮೇಲೆ ಬರೆಯಬಾರದು, ಸೆಮಿಸ್ಟರಿನ ಮೊದಲ ವಾರವೇ ನೋಟಿಸ್ ಬೋರ್ಡಿನಲ್ಲಿರಬೇಕು: ಎಷ್ಟು ಹೊತ್ತು ಕಡಿದರೆ ಇನ್ನೊಂದು ಅವಕಾಶ, ಯಾರಿಗೆ ಫೋನ್ ಮಾಡಬೇಕು, ಎಷ್ಟು ತಾಸಿನೊಳಗೆ ಹೇಳಬೇಕು. ಪುರಾವೆಗೆ ಸ್ಕ್ರೀನ್‌ಶಾಟ್ ಕೇಳಬೇಡಿ, ಕರೆಂಟಿಲ್ಲದೆ ಸತ್ತ ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆಯಲಾಗದು. ಯಾರು ಎಷ್ಟು ಗಂಟೆಗೆ ಶುರು ಮಾಡಿದರು, ಕೊನೆಯ ಉತ್ತರ ಎಷ್ಟು ಗಂಟೆಗೆ ಉಳಿಯಿತು ಎಂಬುದು ಸರ್ವರ್‌ನ ಲಾಗ್‌ನಲ್ಲೇ ಇದೆ. ಒಂದೇ ಕಡೆಯ ಹತ್ತು ಜನ 11:20ಕ್ಕೆ ಒಟ್ಟಿಗೆ ಕಾಣೆಯಾಗಿದ್ದರೆ, ಹೋದದ್ದು ಟವರ್.